ಗಾಂಜಾ ಗಿಡ ರಾತ್ರಿಯ ಲೆಕ್ಕ ಇಡುವ ಬಗೆ

ಮೊದಲ ಸಲ ಗಾಂಜಾ ಗಿಡ ಬೆಳೆಸಿದವರು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. "ಗಿಡ ಎದೆಯೆತ್ತರ ಬೆಳೆದಿದೆ. ಎಲೆ ಸೊಂಪಾಗಿದೆ. ರೋಗ ಇಲ್ಲ, ಹುಳ ಇಲ್ಲ. ನಾಲ್ಕು ತಿಂಗಳಾದರೂ ಹೂ ಮಾತ್ರ ಬಿಟ್ಟಿಲ್ಲ. ಯಾವ ಗೊಬ್ಬರ ಹಾಕಲಿ?" ಇದಕ್ಕೆ ಗೊಬ್ಬರ ಬೇಕಾಗಿಲ್ಲ. ಕುಂಡ ಇಟ್ಟ ಜಾಗಕ್ಕೆ ರಾತ್ರಿ ಹತ್ತು ಗಂಟೆಗೆ ಹೋಗಿ ನೋಡಬೇಕು, ಅಷ್ಟೇ. ಎಷ್ಟೋ ಸಲ ಬೀದಿದೀಪದ ಬೆಳಕು ನೇರ ಎಲೆಯ ಮೇಲೆ ಬೀಳುತ್ತಿರುತ್ತದೆ. ಇಲ್ಲವೇ ಪಕ್ಕದ ಕೋಣೆಯ ದೀಪ ಮಧ್ಯರಾತ್ರಿವರೆಗೂ ಉರಿಯುತ್ತಿರುತ್ತದೆ. ಆ ಗಿಡದ ಪಾಲಿಗೆ ಇನ್ನೂ ಸರಿಯಾಗಿ ರಾತ್ರಿಯೇ ಆಗಿಲ್ಲ.

ಗಾಂಜಾ ಗಿಡ ಹೂ ಬಿಡುವುದು ರಾತ್ರಿಯ ಉದ್ದ ನೋಡಿ. ಇದೊಂದು ಮಾತು ಅರ್ಥವಾದರೆ ಗಿಡದ ಅರ್ಧ ಗುಟ್ಟು ಕೈಗೆ ಸಿಕ್ಕಂತೆ. ಒಂದು ಕಡೆಯ ತಳಿ ಇನ್ನೊಂದು ಕಡೆ ಯಾಕೆ ಕೈಕೊಡುತ್ತದೆ, ಮನೆಯೊಳಗೆ ಬೆಳೆಸುವವರು ದೀಪಕ್ಕೆ ಟೈಮರ್ ಯಾಕೆ ಹಾಕುತ್ತಾರೆ, ಬೀಜ ಬಿತ್ತುವ ತಿಂಗಳಿಗೆ ಯಾಕೆ ಅಷ್ಟು ಬೆಲೆ, ಎಲ್ಲಕ್ಕೂ ಉತ್ತರ ಅಲ್ಲೇ ಇದೆ. ಹೊಸಬರಿಗೆ ಸಾಮಾನ್ಯವಾಗಿ ಸಿಗುವುದು "ಇಷ್ಟು ನೀರು, ಇಷ್ಟು ಗೊಬ್ಬರ, ಇಷ್ಟು ಬೆಳಕು" ಅನ್ನುವ ಪಟ್ಟಿ. ಗಿಡ ಯಾಕೆ ಹಾಗೆ ನಡೆದುಕೊಳ್ಳುತ್ತದೆ ಅಂತ ಕೂತು ಹೇಳುವವರು ಕಡಿಮೆ. ಅದನ್ನು ಇಲ್ಲಿ ನಿಧಾನವಾಗಿ ಬಿಡಿಸಿ ಹೇಳಬೇಕು ಅಂತ ನನಗಾಸೆ.

ಅದಕ್ಕೂ ಮೊದಲು ಕಾನೂನು. ಟೊಮೆಟೊ ಬೆಳೆದ ಹಾಗೆ ಸುಮ್ನೆ ಬೆಳೆಯಬಹುದಾದ ಗಿಡ ಇದಲ್ಲ. ಉರುಗ್ವೆ 2013ರಲ್ಲಿ ಮನೆಯಲ್ಲಿ ಆರು ಗಿಡ ಬೆಳೆಯಲು ಅನುಮತಿ ಕೊಟ್ಟಿತು, ಆದರೆ ಹೆಸರು ನೋಂದಾಯಿಸಬೇಕು. ಕೆನಡಾದ ಕೇಂದ್ರ ಕಾನೂನಿನಲ್ಲಿ 2018ರ ಅಕ್ಟೋಬರ್‌ನಿಂದ ಒಂದು ಮನೆಗೆ ನಾಲ್ಕು ಗಿಡ. ಅಲ್ಲಿನ ಪ್ರಾಂತ್ಯಗಳು ಅದರ ಮೇಲೆ ತಮ್ಮದೇ ನಿಯಮ ಮಾಡಿಕೊಳ್ಳಬಹುದು. ಮಾಲ್ಟಾ 2021ರಲ್ಲಿ ನಾಲ್ಕು ಗಿಡಕ್ಕೆ ಒಪ್ಪಿತು. ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ವಯಸ್ಕರೊಬ್ಬರಿಗೆ ಮೂರು ಗಿಡ. ಭಾರತದಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆಯ, ಅಂದರೆ ಮಾದಕ ವಸ್ತುಗಳ ಕಾಯ್ದೆಯ, ಪ್ರಕಾರ ಅನುಮತಿ ಇಲ್ಲದೆ ಈ ಗಿಡ ಬೆಳೆಸುವುದು ಅಪರಾಧ. ಹತ್ತು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಮನೆಯ ಕುಂಡದಲ್ಲಿ ಒಂದೇ ಗಿಡ ಅನ್ನುವ ರಿಯಾಯಿತಿ ಆ ಕಾಯ್ದೆಯಲ್ಲಿಲ್ಲ. ಹಾಗಾಗಿ ಬೆಳೆಸುವ ಮಾತು ಕಾನೂನು ಬಿಟ್ಟಿರುವ ಕಡೆ ಇರುವವರಿಗೆ. ಗಿಡವನ್ನು ಅರ್ಥ ಮಾಡಿಕೊಳ್ಳುವ ಮಾತು ಎಲ್ಲರಿಗೂ.

ಬೀಜ, ಎಲೆ, ಬೇರು

ಬೀಜ ಕೊತ್ತಂಬರಿ ಕಾಳಿನಷ್ಟು ದೊಡ್ಡದು, ಮೂರ್ನಾಲ್ಕು ಮಿಲಿಮೀಟರ್. ಬೂದು, ಕಂದು ಬಣ್ಣದ ಸಿಪ್ಪೆ. ಅದರ ಮೇಲೆ ಆಮೆ ಚಿಪ್ಪಿನ ಮೇಲಿರುವಂಥ ಗೆರೆಗಳು. ಒಳಗೆ ಎಣ್ಣೆ ತುಂಬಿರುತ್ತದೆ, ತೂಕದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ. ಹಳೆಯದಾದರೆ ಆ ಎಣ್ಣೆ ಕಮಟುತ್ತದೆ, ಬೀಜ ಮೊಳೆಯುವುದಿಲ್ಲ. ಬೀಜದೊಳಗೆ ನಶೆ ಕೊಡುವ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಒದ್ದೆ ಮತ್ತು ಬೆಚ್ಚಗಿನ ಜಾಗ ಸಿಕ್ಕರೆ ಕೆಲವೇ ದಿನಗಳಲ್ಲಿ ಬಿಳಿ ಬೇರು ಹೊರಗೆ ಬರುತ್ತದೆ.

ಮಣ್ಣು ಸೀಳಿ ಮೇಲೆ ಬಂದ ಸಸಿಯನ್ನು ಒಂದು ತಿಂಗಳು ದಿನಾ ನೋಡಿ. ಎಲೆಗಳು ಎಣಿಕೆ ಹೇಳಿಕೊಡುವ ಹಾಗೆ ಬರುತ್ತವೆ. ಮೊದಲು ಎರಡು ಬೀಜದೆಲೆ, ದುಂಡಗೆ, ಅಂಚಿನಲ್ಲಿ ಹಲ್ಲಿಲ್ಲದೆ. ಆಮೇಲೆ ಗರಗಸದ ಅಂಚಿನ ಮೊದಲ ನಿಜವಾದ ಎಲೆಗಳು, ಒಂದೊಂದಕ್ಕೂ ಒಂದೇ ಬೆರಳು. ಮುಂದಿನ ಜೋಡಿಗೆ ಮೂರು ಬೆರಳು. ಅದರ ಮೇಲಿನದಕ್ಕೆ ಐದು. ಆಮೇಲೆ ಏಳು, ಕೆಲವು ತಳಿಗಳಲ್ಲಿ ಒಂಬತ್ತು, ಹನ್ನೊಂದು. ಚಿತ್ರಗಳಲ್ಲಿ ಎಲ್ಲರೂ ಗುರುತಿಸುವ ಎಲೆ ಬರುವಷ್ಟರಲ್ಲಿ ಗಿಡ ಸಾಕಷ್ಟು ದಾರಿ ನಡೆದಿರುತ್ತದೆ. ಎಳೆಯ ಗಿಡದಲ್ಲಿ ಎಲೆಗಳು ಎದುರುಬದುರು ಜೋಡಿಯಾಗಿ ಕೂರುತ್ತವೆ. ಗಿಡ ಬಲಿತಾಗ ಒಂದು ಈ ಕಡೆ ಮೇಲೆ, ಇನ್ನೊಂದು ಆ ಕಡೆ ಕೆಳಗೆ ಅಂತ ಬದಲಾಗುತ್ತದೆ. ಈ ಬದಲಾವಣೆ ಕಂಡರೆ ಗಿಡ ಪ್ರಾಯಕ್ಕೆ ಬಂತು ಅಂತ ತಿಳಿಯಬಹುದು. ಹೂ ಬಿಡುವ ಹೊತ್ತಿಗೆ ಎಣಿಕೆ ಹಿಂದಕ್ಕೆ ಓಡುತ್ತದೆ. ಏಳರಿಂದ ಐದು, ಐದರಿಂದ ಮೂರು. ಹೂಗೊಂಚಲಿನ ತುದಿಯಲ್ಲಿ ಮತ್ತೆ ಒಂದೇ ಬೆರಳಿನ ಪುಟ್ಟ ಎಲೆ.

ಹೊಸಬರ ಕೈಯಲ್ಲಿ ಗಿಡ ಸಾಯುವುದು ಬಹುಮಟ್ಟಿಗೆ ಪ್ರೀತಿ ಜಾಸ್ತಿಯಾಗಿ, ಅಂದರೆ ನೀರು ಜಾಸ್ತಿಯಾಗಿ. ಬೇರಿಗೆ ನೀರು ಬೇಕು, ಉಸಿರೂ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿ ಇರುತ್ತದೆ. ದಿನಾ ನೀರು ಸುರಿದರೆ ಆ ಸಂದುಗಳೆಲ್ಲ ತುಂಬಿ ಬೇರಿಗೆ ಆಮ್ಲಜನಕ ಸಿಗುವುದಿಲ್ಲ. ಉಸಿರು ಕಟ್ಟಿದ ಬೇರು ನೀರು ಎಳೆಯುವುದನ್ನೇ ನಿಲ್ಲಿಸುತ್ತದೆ. ಆಗ ಎಲೆ ಜೋತುಬೀಳುತ್ತದೆ. ನೋಡಿದವರು "ಅಯ್ಯೋ, ಬಾಯಾರಿದೆ" ಅಂತ ಇನ್ನೊಂದು ಚೊಂಬು ನೀರು ಹಾಕುತ್ತಾರೆ. ಹಾಗಾದರೆ ಹೇಗೆ ತಿಳಿಯುವುದು? ಕುಂಡವನ್ನು ಎತ್ತಿ ನೋಡಿ. ನೀರು ಹಾಕಿದ ಕೂಡಲೇ ಎಷ್ಟು ಭಾರ ಇತ್ತು ಅನ್ನುವುದು ಕೈಗೆ ಗೊತ್ತಿರಲಿ. ಅರ್ಧಕ್ಕರ್ಧ ಹಗುರಾದ ಮೇಲೆ ಮತ್ತೆ ನೀರು. ತಳದಲ್ಲಿ ತೂತು ಇರಲೇಬೇಕು. ಬಾಯಾರಿದ ಎಲೆ ತೆಳ್ಳಗೆ, ಕಾಗದದ ಹಾಗೆ ಇರುತ್ತದೆ. ನೀರು ಜಾಸ್ತಿಯಾದ ಎಲೆ ಕೈಗೆ ದಪ್ಪ ಅನ್ನಿಸುತ್ತದೆ, ಬುಡದಿಂದಲೇ ಬಾಗಿರುತ್ತದೆ.

ಹಳದಿ ಎಲೆ ಇನ್ನೊಂದು ಗಾಬರಿ. ಇಲ್ಲಿ ಎಲೆ ಹಳದಿಯಾಗಿದೆ ಅನ್ನುವುದಕ್ಕಿಂತ ಯಾವ ಎಲೆ ಹಳದಿಯಾಗಿದೆ ಅನ್ನುವುದು ಮುಖ್ಯ. ಕೆಲವು ಪೋಷಕಾಂಶಗಳನ್ನು ಗಿಡ ಹಳೆಯ ಎಲೆಯಿಂದ ಕಿತ್ತು ಹೊಸ ಚಿಗುರಿಗೆ ಸಾಗಿಸಬಲ್ಲದು. ಸಾರಜನಕ, ಮೆಗ್ನೀಸಿಯಂ ಅಂಥವು. ಅವು ಕಡಿಮೆಯಾದರೆ ಗಿಡ ತನ್ನ ಹಳೆಯ ಎಲೆಗಳನ್ನು ಮುರಿದು ಮಕ್ಕಳಿಗೆ ಉಣಿಸುತ್ತದೆ, ಹಾಗಾಗಿ ಹಳದಿ ಕೆಳಗಿನಿಂದ ಶುರುವಾಗುತ್ತದೆ. ಕಬ್ಬಿಣದಂಥವನ್ನು ಹಾಗೆ ಸಾಗಿಸಲು ಬರುವುದಿಲ್ಲ. ಅದು ಕಡಿಮೆಯಾದರೆ ಮೇಲಿನ ಹೊಸ ಚಿಗುರೇ ಹಳದಿ, ನರ ಮಾತ್ರ ಹಸಿರು. ಎಷ್ಟೋ ಸಲ ಮಣ್ಣಿನಲ್ಲಿ ಪೋಷಕಾಂಶ ಇದ್ದೇ ಇರುತ್ತದೆ. ಮಣ್ಣಿನ ಹುಳಿ ಅಥವಾ ಕ್ಷಾರ ಹದ ತಪ್ಪಿ ಬೇರಿಗೆ ಎಟುಕುವುದಿಲ್ಲ, ಅಷ್ಟೇ. ಪಿಎಚ್ ಆರರಿಂದ ಏಳರೊಳಗೆ ಇದ್ದರೆ ಈ ಗಿಡಕ್ಕೆ ಹಿತ. ಅದನ್ನು ನೋಡದೆ ಗೊಬ್ಬರ ಸುರಿದರೆ ಎಲೆಯ ತುದಿ ಸುಟ್ಟುಹೋಗುತ್ತದೆ.

ಗಿಡಕ್ಕೆ ರಾತ್ರಿ ಎಷ್ಟು ಉದ್ದ ಅಂತ ಗೊತ್ತಾಗುವುದು ಹೇಗೆ

ಇದು ನನಗೆ ಬಹಳ ಇಷ್ಟವಾದ ಭಾಗ. ಇದರ ಕಥೆ ಶುರುವಾಗುವುದೇ ಗಾಂಜಾ ಜಾತಿಯ ಗಿಡದಿಂದ.

1910ರ ಸುಮಾರಿಗೆ ಫ್ರಾನ್ಸಿನಲ್ಲಿ ಜೂಲಿಯನ್ ಟೂರ್ನುವಾ ಅನ್ನುವ ಯುವ ಸಸ್ಯವಿಜ್ಞಾನಿ ಹೆಂಪ್ ಮತ್ತು ಹಾಪ್ ಗಿಡಗಳ ಮೇಲೆ ಕೆಲಸ ಮಾಡುತ್ತಿದ್ದ. ಹೆಂಪ್ ಅಂದರೆ ನಾರಿಗಾಗಿ, ಬೀಜಕ್ಕಾಗಿ ಬೆಳೆಯುವ ಗಾಂಜಾ ಜಾತಿಯ ಗಿಡ. ಬಿಯರ್‌ಗೆ ಕಹಿ ಕೊಡುವ ಹಾಪ್ ಅದರ ಹತ್ತಿರದ ನೆಂಟ, ಒಂದೇ ಕುಟುಂಬ. ಚಳಿಗಾಲದಲ್ಲಿ ಗಾಜಿನ ಮನೆಯಲ್ಲಿ ಬಿತ್ತಿದ ಸಸಿಗಳು ಇನ್ನೂ ಪುಟ್ಟದಾಗಿರುವಾಗಲೇ ಹೂ ಬಿಡುವುದನ್ನು ಅವನು ಗಮನಿಸಿದ. ಬೇಸಿಗೆಯಲ್ಲಿ ಬಿತ್ತಿದವು ಹಾಗೆ ಮಾಡುತ್ತಿರಲಿಲ್ಲ. ದಿನಕ್ಕೆ ಕೆಲವೇ ಗಂಟೆ ಬೆಳಕು ಸಿಗುವ ಹಾಗೆ ಗಿಡಗಳನ್ನು ಮುಚ್ಚಿಟ್ಟು ನೋಡಿದ. ಆಗಲೂ ಬೇಗ ಹೂ ಬಂತು. ಹೂವಿಗೆ ಕಾರಣ ಹಗಲು ಗಿಡ್ಡವಾಗಿದ್ದಕ್ಕಿಂತ ಹೆಚ್ಚಾಗಿ ರಾತ್ರಿ ಉದ್ದವಾಗಿದ್ದೇ ಇರಬೇಕು ಅಂತ ಬರೆದ. ಮಾತು ಸರಿಯಾಗಿತ್ತು. ಆದರೆ ಅದನ್ನು ಪೂರ್ತಿ ಸಾಧಿಸಿ ತೋರಿಸಲು ಅವನಿಗೆ ಆಯಸ್ಸು ಸಿಗಲಿಲ್ಲ. ಮೊದಲ ಮಹಾಯುದ್ಧದಲ್ಲಿ ತೀರಿಕೊಂಡ.

ಹೆಸರು ಬಂದಿದ್ದು ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಅವರಿಗೆ. ಅವರ ಬಳಿ ಮೇರಿಲ್ಯಾಂಡ್ ಮ್ಯಾಮತ್ ಅನ್ನುವ ಹೊಗೆಸೊಪ್ಪಿನ ತಳಿ ಇತ್ತು. ಬೇಸಿಗೆಯಿಡೀ ಆಳೆತ್ತರಕ್ಕೂ ಮೀರಿ ಬೆಳೆಯುತ್ತಿತ್ತು, ಹೂ ಮಾತ್ರ ಬಿಡುತ್ತಿರಲಿಲ್ಲ. ಅದನ್ನೇ ಚಳಿಗಾಲದಲ್ಲಿ ಗಾಜಿನ ಮನೆಯಲ್ಲಿಟ್ಟರೆ ಹೂ ಬರುತ್ತಿತ್ತು. ಶಾಖ, ತೇವ, ಗೊಬ್ಬರ, ಒಂದೊಂದನ್ನೇ ಬದಲಿಸಿ ನೋಡಿದರು, ಪ್ರಯೋಜನವಾಗಲಿಲ್ಲ. ಕೊನೆಗೆ ಬೇಸಿಗೆಯಲ್ಲಿ ಸಂಜೆ ಬೇಗ ಕತ್ತಲೆ ಕೋಣೆಗೆ ಸೇರಿಸಿ, ಬೆಳಿಗ್ಗೆ ತಡವಾಗಿ ಹೊರಗೆ ತಂದರು. ಹೂ ಬಂತು. 1920ರಲ್ಲಿ ಅದನ್ನು ಪ್ರಕಟಿಸಿದರು. ಅಂಥ ಗಿಡಗಳಿಗೆ 'ಗಿಡ್ಡ ಹಗಲಿನ ಗಿಡ' ಅನ್ನುವ ಹೆಸರು ಬಂತು. ಗಾಂಜಾ ಕೂಡ ಆ ಗುಂಪಿಗೇ ಸೇರುತ್ತದೆ.

ಆ ಹೆಸರಿನಲ್ಲೇ ತಪ್ಪು ಇದೆ ಅಂತ ಗೊತ್ತಾಗಿದ್ದು 1938ರಲ್ಲಿ. ಹ್ಯಾಮ್ನರ್ ಮತ್ತು ಬಾನರ್ ಅನ್ನುವ ಇಬ್ಬರು ವಿಜ್ಞಾನಿಗಳು ಇನ್ನೊಂದು ಕಳೆಗಿಡದ ಮೇಲೆ ಪ್ರಯೋಗ ಮಾಡಿದರು. ಹಗಲಿನ ನಡುವೆ ಸ್ವಲ್ಪ ಹೊತ್ತು ಕತ್ತಲು ಮಾಡಿದರು. ಗಿಡಕ್ಕೆ ಏನೂ ಆಗಲಿಲ್ಲ. ಆಮೇಲೆ ಉದ್ದದ ರಾತ್ರಿಯ ನಡುವೆ ಸ್ವಲ್ಪ ಹೊತ್ತು ದೀಪ ಹಚ್ಚಿದರು. ಹೂ ನಿಂತೇಹೋಯಿತು. ಗಿಡ ಎಣಿಸುತ್ತಿದ್ದದ್ದು ಕತ್ತಲನ್ನು, ಅದೂ ಮಧ್ಯೆ ಮುರಿಯದ ಒಂದೇ ಸಮನೆಯ ಕತ್ತಲನ್ನು. ಬೀದಿದೀಪದ ಕೆಳಗಿನ ಗಿಡ ಹೂ ಬಿಡದೆ ನಿಂತಿರುವುದು ಈ ಪ್ರಯೋಗದ್ದೇ ಇನ್ನೊಂದು ರೂಪ.

ಎಣಿಸುವುದು ಹೇಗೆ? ಎಲೆಯೊಳಗೆ ಫೈಟೊಕ್ರೋಮ್ ಅನ್ನುವ ಪ್ರೋಟೀನ್ ಇದೆ. ಅದನ್ನು ಎರಡು ಕಡೆ ಒತ್ತಬಹುದಾದ ಸ್ವಿಚ್ ಅಂದುಕೊಳ್ಳಿ. ಕೆಂಪು ಬೆಳಕು, ಅಂದರೆ ಸುಮಾರು 660 ನ್ಯಾನೋಮೀಟರಿನದು, ಬಿದ್ದರೆ ಒಂದು ಕಡೆಗೆ ವಾಲುತ್ತದೆ. ನಮ್ಮ ಕಣ್ಣಿಗೆ ಹೆಚ್ಚುಕಡಿಮೆ ಕಾಣದ ಕಡುಗೆಂಪು, ಸುಮಾರು 730 ನ್ಯಾನೋಮೀಟರಿನದು, ಬಿದ್ದರೆ ಇನ್ನೊಂದು ಕಡೆಗೆ. ಬಿಸಿಲಿನಲ್ಲಿ ಕೆಂಪು ಜಾಸ್ತಿ ಇರುವುದರಿಂದ ಹಗಲಿಡೀ ಸ್ವಿಚ್ 'ಹಗಲು' ಅನ್ನುವ ಕಡೆ ಇರುತ್ತದೆ. ಕತ್ತಲಾದ ಮೇಲೆ ನಿಧಾನವಾಗಿ, ತಾನೇ ತಾನಾಗಿ ಹಿಂದಕ್ಕೆ ಸರಿಯುತ್ತದೆ. ಮಧ್ಯರಾತ್ರಿ ಯಾರಾದರೂ ದೀಪ ಹಾಕಿದರೋ, ಅಷ್ಟು ಹೊತ್ತು ಸರಿದದ್ದೆಲ್ಲ ಕ್ಷಣದಲ್ಲಿ ವಾಪಸ್. ಇದರ ಜೊತೆಗೆ ನಮ್ಮ ಮೈಯೊಳಗೆ ಇರುವ ಹಾಗೆ ಗಿಡದೊಳಗೂ ಇಪ್ಪತ್ನಾಲ್ಕು ಗಂಟೆಯ ಗಡಿಯಾರ ಇದೆ. ಸ್ವಿಚ್ ಹೇಳುವುದನ್ನೂ ಗಡಿಯಾರ ಹೇಳುವುದನ್ನೂ ಗಿಡ ತಾಳೆ ನೋಡುತ್ತದೆ. ಕತ್ತಲು ತನ್ನ ತಳಿಯ ಗೆರೆ ದಾಟಿತು ಅಂತ ಎಷ್ಟೋ ದಿನ ಸತತವಾಗಿ ಖಾತ್ರಿಯಾದ ಮೇಲೆ ಎಲೆಯಲ್ಲಿ ಒಂದು ಪ್ರೋಟೀನ್ ತಯಾರಾಗಿ ಕಾಂಡದ ಮೂಲಕ ಕುಡಿಗೆ ಹೋಗುತ್ತದೆ. ಅದು ಎಲೆಯಿಂದ ಕುಡಿಗೆ ಹೋಗುವ ಓಲೆ. ಆ ಓಲೆ ಮುಟ್ಟಿದ ಮೇಲೆ ಕುಡಿ ಎಲೆ ಮಾಡುವುದನ್ನು ಕಡಿಮೆ ಮಾಡಿ ಹೂ ಮಾಡಲು ಶುರು ಮಾಡುತ್ತದೆ.

ಹಾಗಾದರೆ ಆ ಗೆರೆ ಎಲ್ಲಿದೆ? ತಳಿಯ ತವರು ಯಾವುದೋ ಅದರ ಮೇಲೆ ಹೋಗುತ್ತದೆ. ಸಮಭಾಜಕದ ಹತ್ತಿರ ವರ್ಷವಿಡೀ ಹಗಲು ರಾತ್ರಿ ಹೆಚ್ಚುಕಡಿಮೆ ಹನ್ನೆರಡು ಹನ್ನೆರಡು ಗಂಟೆ. ಅಲ್ಲಿಯ ತಳಿಗಳು ಆತುರಪಡುವುದಿಲ್ಲ. ಉದ್ದ ರಾತ್ರಿ ಬೇಡುತ್ತವೆ, ಹೂ ಬಿಡಲೂ ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತವೆ. ಉತ್ತರದ ಚಳಿ ದೇಶಗಳಲ್ಲಿ ಹಿಮ ಬೀಳುವ ಮುಂಚೆ ಬೀಜ ಕಟ್ಟಬೇಕು. ಅಲ್ಲಿಯ ತಳಿಗಳು ರಾತ್ರಿ ಇನ್ನೂ ಗಿಡ್ಡದಾಗಿರುವಾಗಲೇ ಹೂವಿಗೆ ತಯಾರಾಗುತ್ತವೆ. ಆ ಬೀಜವನ್ನು ತಂದು ಸಮಭಾಜಕದ ಕಡೆ ಬಿತ್ತಿದರೆ, ಅದಕ್ಕೆ ಹುಟ್ಟಿದ ದಿನದಿಂದಲೇ ರಾತ್ರಿ ಉದ್ದ. ಮೊಣಕಾಲೆತ್ತರ ಬರುವ ಮೊದಲೇ ಹೂ ಬಿಟ್ಟು ಮುಗಿಸುತ್ತದೆ. ಸಮಭಾಜಕದ ಬೀಜವನ್ನು ಉತ್ತರಕ್ಕೆ ಒಯ್ದರೆ ಇದರ ತಿರುವು. ಮರದ ಹಾಗೆ ಬೆಳೆಯುತ್ತದೆ, ಹೂ ಬಿಡುವಷ್ಟರಲ್ಲಿ ಹಿಮ ಬಿದ್ದು ಸಾಯುತ್ತದೆ. ಎರಡು ಕಡೆಯೂ ಬೆಳೆಸಿದವರ ತಪ್ಪಿಲ್ಲ.

ಮನೆಯೊಳಗೆ ಬೆಳೆಸುವವರು ಮಾಡುವುದು ಇಷ್ಟೇ. ದಿನಕ್ಕೆ ಹದಿನೆಂಟು ಗಂಟೆ ದೀಪ ಹಚ್ಚಿಟ್ಟು ಗಿಡಕ್ಕೆ ಬೇಸಿಗೆ ಅನ್ನಿಸುತ್ತಾರೆ. ಸಾಕಷ್ಟು ಬೆಳೆದ ಮೇಲೆ ಹನ್ನೆರಡು ಗಂಟೆಗೆ ಇಳಿಸುತ್ತಾರೆ. ಉಳಿದ ಹನ್ನೆರಡು ಗಂಟೆ ಗವ್ವೆನ್ನುವ ಕತ್ತಲು. ಚಾರ್ಜರಿನ ಪುಟ್ಟ ಕೆಂಪು ದೀಪಕ್ಕೂ ಟೇಪ್ ಅಂಟಿಸುವವರಿದ್ದಾರೆ. ಫೈಟೊಕ್ರೋಮ್ ಬಗ್ಗೆ ತಿಳಿದ ಮೇಲೆ ಅದು ಅತಿಯೆನಿಸುವುದಿಲ್ಲ, ಅಲ್ವಾ?

ಈ ಲೆಕ್ಕವನ್ನೇ ಬಿಟ್ಟ ಗಿಡಗಳೂ ಇವೆ. ರುಡೆರಾಲಿಸ್ ಅನ್ನುವ ಗಾಂಜಾ ಜಾತಿಯ ಕುಳ್ಳ ಗಿಡವನ್ನು 1924ರಲ್ಲಿ ರಷ್ಯಾದ ಸಸ್ಯವಿಜ್ಞಾನಿ ಯಾನಿಶೆವ್‌ಸ್ಕಿ ವಿವರಿಸಿದ. ಅಲ್ಲಿ ಬೇಸಿಗೆ ತೀರಾ ಚಿಕ್ಕದು, ರಾತ್ರಿ ಉದ್ದವಾಗುವವರೆಗೆ ಕಾಯುತ್ತ ಕೂತರೆ ಬದುಕಿಲ್ಲ. ಹಾಗಾಗಿ ಅದು ವಯಸ್ಸು ನೋಡಿ ಹೂ ಬಿಡುತ್ತದೆ, ಬೆಳಕು ಎಷ್ಟೇ ಇರಲಿ. ಆ ಗುಣವನ್ನು ಬೇರೆ ತಳಿಗಳಿಗೆ ಸೇರಿಸಿ ಮಾಡಿದ್ದೇ ಈಗ ಆಟೋಫ್ಲವರ್ ಅಂತ ಮಾರಾಟವಾಗುವ ಬೀಜ. ಬೀದಿದೀಪದ ಪಕ್ಕ ಮನೆ ಇರುವವರಿಗೆ ಅದು ಸುಲಭ. ಆದರೆ ಎಳವೆಯಲ್ಲಿ ಒಂದು ವಾರ ಸೊರಗಿದರೂ ಅದು ಕಾಯುವುದಿಲ್ಲ, ಸೊರಗಿದ ಮೈಯಲ್ಲೇ ಹೂವಿಗೆ ಹೋಗುತ್ತದೆ.

ಗಂಡು ಗಿಡ, ಹೆಣ್ಣು ಗಿಡ

ಹೆಚ್ಚಿನ ಹೂಗಿಡಗಳಲ್ಲಿ ಗಂಡು ಹೆಣ್ಣು ಒಂದೇ ಹೂವಿನಲ್ಲಿ ಇರುತ್ತವೆ. ಗಾಂಜಾದಲ್ಲಿ ಸಾಮಾನ್ಯವಾಗಿ ಗಿಡವೇ ಬೇರೆ ಬೇರೆ, ಪಪ್ಪಾಯಿಯಲ್ಲಿ ನೋಡಿರುವ ಹಾಗೆ. ಲಿಂಗ ತೀರ್ಮಾನ ಮಾಡುವುದೂ ನಮ್ಮ ಹಾಗೇ ಎಕ್ಸ್ ಮತ್ತು ವೈ ವರ್ಣತಂತುಗಳು. ಬೀಜ ನೋಡಿ ಹೇಳಲು ಸಾಧ್ಯವಿಲ್ಲ. ದುಂಡಗಿದ್ದರೆ ಹೆಣ್ಣು, ಉದ್ದಗಿದ್ದರೆ ಗಂಡು ಅನ್ನುವುದೆಲ್ಲ ಬರೀ ನಂಬಿಕೆ.

ಗೆಣ್ಣು ನೋಡಬೇಕು, ಅಂದರೆ ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಮೂಲೆ. ಬಿತ್ತಿ ಒಂದೂವರೆ ತಿಂಗಳ ಹೊತ್ತಿಗೆ ಅಲ್ಲಿ ಸಣ್ಣದೊಂದು ಗುರುತು ಕಾಣುತ್ತದೆ. ಹೆಣ್ಣಾದರೆ ಕಣ್ಣೀರಿನ ಹನಿಯ ಆಕಾರದ ಹಸಿರು ಚೀಲ, ಅದರ ತುದಿಯಿಂದ ಹೊರಗೆ ಚಾಚಿದ ಎರಡು ಬಿಳಿ ಕೂದಲು. ಗಂಡಾದರೆ ಕೂದಲಿಲ್ಲದ ಪುಟ್ಟ ಗುಂಡು, ಸಣ್ಣ ತೊಟ್ಟಿನ ಮೇಲೆ. ಆಮೇಲೆ ಆ ಗುಂಡುಗಳು ಗೊಂಚಲಾಗಿ ಜೋತು, ಐದು ದಳದಂತೆ ಬಿರಿದು ಪರಾಗ ಉದುರಿಸುತ್ತವೆ. ಜೇನು, ಚಿಟ್ಟೆ ಬೇಕಿಲ್ಲ. ಗಾಳಿಯೇ ಒಯ್ಯುತ್ತದೆ, ಕಿಲೋಮೀಟರುಗಟ್ಟಲೆ. ಹೆಣ್ಣು ಹೂವಿಗೆ ಬಣ್ಣದ ಎಸಳಿಲ್ಲ, ಮಕರಂದ ಇಲ್ಲ. ಗಾಳಿಯಲ್ಲಿ ತೇಲಿ ಬರುವ ಪರಾಗ ಹಿಡಿಯಲು ಅದಕ್ಕೆ ಆ ಎರಡು ಬಿಳಿ ಕೂದಲು ಸಾಕು.

ಪರಾಗ ಸಿಕ್ಕಿತೋ, ಕೂದಲು ಕಂದಾಗಿ ಒಣಗುತ್ತದೆ. ಗಿಡದ ಶಕ್ತಿಯೆಲ್ಲ ಬೀಜಕ್ಕೆ ತಿರುಗುತ್ತದೆ. ಸಿಗಲಿಲ್ಲವೋ, ಗಿಡ ಮತ್ತೆ ಮತ್ತೆ ಹೊಸ ಹೂ, ಹೊಸ ಕೂದಲು ಹೊರಡಿಸುತ್ತ ಹೋಗುತ್ತದೆ. ಹೂಗೊಂಚಲು ದಪ್ಪವಾಗುತ್ತದೆ, ಅಂಟು ಹೆಚ್ಚುತ್ತದೆ. ಅದಕ್ಕೇ ಹೂವಿಗಾಗಿ ಬೆಳೆಯುವವರು ಗಂಡು ಗಿಡ ಕಂಡ ಕೂಡಲೇ ತೆಗೆದುಬಿಡುವುದು. ಬೀಜಕ್ಕಾಗಿ ಬೆಳೆಯುವ ಹೆಂಪ್ ರೈತರಿಗೆ ಗಂಡು ಬೇಕೇ ಬೇಕು. ಹತ್ತಿರದಲ್ಲಿ ಇಬ್ಬರೂ ಇದ್ದರೆ ಜಗಳ ಖಂಡಿತ.

ಕೆಲವೊಮ್ಮೆ ಹೆಣ್ಣು ಗಿಡವೇ ಗಂಡು ಹೂ ಬಿಡುತ್ತದೆ. ವಿಪರೀತ ಸೆಕೆ, ರಾತ್ರಿಯ ಕತ್ತಲು ಪದೇ ಪದೇ ಮುರಿಯುವುದು, ಹೂ ಬಿಟ್ಟು ತುಂಬ ದಿನ ಪರಾಗ ಸಿಗದೆ ಇರುವುದು ಇಂಥ ಕಷ್ಟಗಳಲ್ಲಿ. ಗೊಂಚಲಿನ ನಡುವೆ ಬಾಳೆಹಣ್ಣಿನಂಥ ಹಳದಿ ಎಳೆ ಕಂಡರೆ ಅದೇ. ಒಂಟಿ ಗಿಡವೊಂದು ಸಾಯುವ ಮುಂಚೆ ಹೇಗಾದರೂ ಒಂದೆರಡು ಬೀಜ ಕಟ್ಟುವ ಪ್ರಯತ್ನ ಅದು ಅಂತ ನನಗನ್ನಿಸುತ್ತದೆ.

ಅಂಟಿನೊಳಗೆ ಏನಿದೆ

ಬಲಿತ ಹೆಣ್ಣು ಹೂವನ್ನು ಭೂತಗನ್ನಡಿಯಲ್ಲಿ ನೋಡಿದರೆ ಮೇಲೆಲ್ಲ ಸಣ್ಣ ಅಣಬೆಗಳ ಕಾಡು. ಗಾಜಿನ ಕಾಂಡ, ಅದರ ಮೇಲೆ ಗಾಜಿನ ಗುಂಡು ತಲೆ. ತಲೆಯ ಅಗಲ ಹೆಚ್ಚೆಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗ. ಮೊದಲು ನೀರಿನ ಹಾಗೆ ತಿಳಿ, ಆಮೇಲೆ ಹಾಲಿನ ಬಿಳುಪು, ಕೊನೆಗೆ ಜೇನಿನ ಬಣ್ಣ. ಗಿಡ ತನ್ನ ರಾಸಾಯನಿಕಗಳನ್ನು ತುಂಬಿಡುವುದು ಆ ತಲೆಗಳಲ್ಲಿ. ವಾಸನೆ ಕೊಡುವ ಎಣ್ಣೆಗಳೂ ಅಲ್ಲೇ. ಮಾವಿನಲ್ಲಿರುವ ಮಿರ್ಸೀನ್, ನಿಂಬೆ ಸಿಪ್ಪೆಯ ಲಿಮೊನೀನ್, ಕರಿಮೆಣಸಿನ ಕ್ಯಾರಿಯೊಫಿಲೀನ್ ಇಲ್ಲೂ ಇವೆ.

ಬಹಳ ಜನರಿಗೆ ಗೊತ್ತಿಲ್ಲದ ಮಾತೊಂದಿದೆ. ಹಸಿ ಗಿಡದಲ್ಲಿ ನಶೆಯ ಟಿಎಚ್‌ಸಿ ಬಹಳ ಕಡಿಮೆ. ಗಿಡ ಮಾಡುವುದು ಅದರ ಆಮ್ಲ ರೂಪ, ಟಿಎಚ್‌ಸಿಎ. ಬಿಸಿ ತಾಗಿದಾಗ ಅದರಿಂದ ಇಂಗಾಲದ ಡೈಆಕ್ಸೈಡ್ ಕಳಚಿ ಟಿಎಚ್‌ಸಿ ಆಗುತ್ತದೆ. ಟಿಎಚ್‌ಸಿಯ ರಚನೆಯನ್ನು 1964ರಲ್ಲಿ ಬಿಡಿಸಿ ತೋರಿಸಿದವರು ಇಸ್ರೇಲಿನ ರಾಫೆಲ್ ಮೆಶೂಲಾಂ ಮತ್ತು ಯೆಹಿಯೆಲ್ ಗಾವೊನಿ. ಇದೇ ಗಿಡದ ಇನ್ನೊಂದು ರಾಸಾಯನಿಕ, ಔಷಧದ ಮಾತು ಬಂದಾಗಲೆಲ್ಲ ಕೇಳುವ ಸಿಬಿಡಿಗೂ ಟಿಎಚ್‌ಸಿಗೂ ಅಣುಸೂತ್ರ ಒಂದೇ. ಇಪ್ಪತ್ತೊಂದು ಇಂಗಾಲ, ಮೂವತ್ತು ಜಲಜನಕ, ಎರಡು ಆಮ್ಲಜನಕ. ಜೋಡಣೆಯಲ್ಲಿ ಒಂದು ಬಳೆ ಮುಚ್ಚಿದರೆ ಟಿಎಚ್‌ಸಿ, ತೆರೆದಿದ್ದರೆ ಸಿಬಿಡಿ. ಟಿಎಚ್‌ಸಿ ತಲೆಗೆ ಅಮಲು ಏರಿಸುತ್ತದೆ, ಸಿಬಿಡಿ ಏರಿಸುವುದಿಲ್ಲ. ಎರಡಕ್ಕೂ ಗಿಡದಲ್ಲಿ ಮೂಲ ಒಂದೇ. ಯಾವ ಕಿಣ್ವದ ಜೀನ್ ಬಂದಿದೆಯೋ ಅದರ ಮೇಲೆ ದಾರಿ ಬೇರೆಯಾಗುತ್ತದೆ. ಒಳ್ಳೆಯ ಗೊಬ್ಬರ ಹಾಕಿ ಹೆಂಪ್ ಗಿಡವನ್ನು ಗಾಂಜಾ ಮಾಡಲು ಆಗದಿರುವುದು ಇದಕ್ಕೇ.

ನಮ್ಮ ಮೆದುಳಿಗೆ ಟಿಎಚ್‌ಸಿ ಯಾಕೆ ತಾಗುತ್ತದೆ ಅಂದರೆ, ನಮ್ಮ ದೇಹವೇ ಅದೇ ಬೀಗಕ್ಕೆ ಹೊಂದುವ ತನ್ನದೇ ಕೀಲಿ ಮಾಡಿಕೊಳ್ಳುತ್ತದೆ. ಆ ಪದಾರ್ಥವನ್ನು 1992ರಲ್ಲಿ ಹಂದಿಯ ಮೆದುಳಿನಿಂದ ಬೇರ್ಪಡಿಸಿದರು. ಅದಕ್ಕೆ ಆನಂದಮೈಡ್ ಅಂತ ಹೆಸರಿಟ್ಟರು. ಹೌದು, ನಮ್ಮ 'ಆನಂದ' ಪದವೇ.

ಹಾಗಾದರೆ ಹೆಂಪ್ ಯಾವುದು, ಗಾಂಜಾ ಯಾವುದು? ಸಸ್ಯಶಾಸ್ತ್ರದ ಕಣ್ಣಿಗೆ ಎರಡೂ ಕ್ಯಾನಬಿಸ್ ಸಟೈವಾ, 1753ರಲ್ಲಿ ಲಿನೇಯಸ್ ಇಟ್ಟ ಹೆಸರು. ಗೆರೆ ಎಳೆದದ್ದು ಮನುಷ್ಯರು. ಒಣ ಹೂವಿನ ತೂಕದಲ್ಲಿ ಟಿಎಚ್‌ಸಿ ಶೇಕಡಾ 0.3 ಮೀರದಿದ್ದರೆ ಹೆಂಪ್ ಅಂತ ಅಮೆರಿಕ, ಕೆನಡಾ ಮುಂತಾದ ಕಡೆ ಕಾನೂನು. ಆ ಅಂಕಿ ಕೆನಡಾದ ಸಸ್ಯವಿಜ್ಞಾನಿ ಅರ್ನೆಸ್ಟ್ ಸ್ಮಾಲ್ 1970ರ ದಶಕದಲ್ಲಿ ಗಿಡಗಳನ್ನು ವಿಂಗಡಿಸಲು ಬಳಸಿದ್ದು. ಎಲ್ಲೋ ಒಂದು ಕಡೆ ಗೆರೆ ಎಳೆಯಬೇಕಲ್ಲ ಅಂತ ಎಳೆದದ್ದು. ಇಂದು ಅದೇ ಗೆರೆಯ ಆಚೆ ಈಚೆ ರೈತನೊಬ್ಬ ಅಪರಾಧಿಯಾಗುತ್ತಾನೆ ಅಥವಾ ಆಗುವುದಿಲ್ಲ.

ಕಣ್ಣಿಗೆ ಕಾಣದ ಅಪಾಯಗಳು

ಮನೆಯಲ್ಲಿ ಬೆಳೆದದ್ದು ಅಂದಮಾತ್ರಕ್ಕೆ ಶುದ್ಧ ಅಂದುಕೊಳ್ಳಬೇಡಿ. ದಪ್ಪ ಹೂಗೊಂಚಲಿನ ಒಳಗೆ ತೇವ ನಿಂತರೆ ಬೂದು ಬೂಷ್ಟು ಹಿಡಿಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಒಂದು ಎಲೆ ಕಾರಣವಿಲ್ಲದೆ ಒಣಗಿದ್ದರೆ, ಮೆಲ್ಲಗೆ ಎಳೆದು ನೋಡಿ, ಸಲೀಸಾಗಿ ಕಿತ್ತು ಬಂದರೆ ಒಳಗೆ ಕೊಳೆತಿದೆ. ಅಂಥದ್ದನ್ನು ಇಟ್ಟುಕೊಳ್ಳಬಾರದು. ರೋಗನಿರೋಧಕ ಶಕ್ತಿ ಕಡಿಮೆ ಇರುವವರಿಗೆ ಬೂಷ್ಟಿನ ಕಣಗಳು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು.

ಮಣ್ಣಿನ ಬಗ್ಗೆಯೂ ಎಚ್ಚರ ಬೇಕು. ಈ ಗಿಡ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಮಣ್ಣಿನಿಂದ ಚೆನ್ನಾಗಿ ಹೀರುತ್ತದೆ. ಚೆರ್ನೋಬಿಲ್ ಸುತ್ತಲಿನ ನೆಲ ಶುದ್ಧ ಮಾಡಲು 1990ರ ದಶಕದ ಕೊನೆಯಲ್ಲಿ ಹೆಂಪ್ ನೆಟ್ಟು ನೋಡಿದ್ದು ಈ ಗುಣಕ್ಕಾಗಿಯೇ. ಹಳೆಯ ಕಟ್ಟಡದ ಪಕ್ಕದ ಮಣ್ಣು, ರಸ್ತೆ ಬದಿಯ ಮಣ್ಣು ತಂದು ಕುಂಡಕ್ಕೆ ತುಂಬಿದರೆ ಅದರಲ್ಲಿದ್ದದ್ದು ಗಿಡಕ್ಕೂ ಬರುತ್ತದೆ.

ಬೆಳೆದ ಹೂ ಎಷ್ಟು ತೀಕ್ಷ್ಣ ಅಂತಲೂ ಮನೆಯಲ್ಲಿ ತಿಳಿಯುವುದಿಲ್ಲ. ಪ್ರಯೋಗಾಲಯವೇ ಬೇಕು. ತಿನ್ನುವ ರೂಪದಲ್ಲಂತೂ ಪರಿಣಾಮ ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೂ ತಡವಾಗಬಹುದು. "ಏನೂ ಆಗಲಿಲ್ಲ" ಅಂತ ಇನ್ನೊಂದು ತುಂಡು ತಿಂದವರು ಆಸ್ಪತ್ರೆ ಸೇರುತ್ತಾರೆ. ಮಕ್ಕಳಿಗೂ ನಾಯಿಗಳಿಗೂ ಇದು ವಿಷದ ಲೆಕ್ಕ. ಗಿಡ, ಒಣಗಿಸಿದ ಹೂ, ಎರಡನ್ನೂ ಬೀಗದ ಹಿಂದೆ ಇಡಬೇಕು. ಮನೆಬೆಳೆಗೆ ಒಪ್ಪಿದ ಜರ್ಮನಿಯ ಕಾನೂನೂ ಮಕ್ಕಳ ಕೈಗೆ ಸಿಗದ ಹಾಗೆ ಇಡಿ ಅನ್ನುತ್ತದೆ. ಹದಿಹರೆಯದವರ ಮೆದುಳು ಇನ್ನೂ ಬೆಳೆಯುತ್ತಿರುತ್ತದೆ. ಆ ವಯಸ್ಸಿನಲ್ಲಿ ಪದೇ ಪದೇ ಬಳಸಿದವರಲ್ಲಿ, ಮನೆಯಲ್ಲಿ ಯಾರಿಗಾದರೂ ಮನೋರೋಗ ಇದ್ದವರಲ್ಲಿ ಸೈಕೋಸಿಸ್‌ನ, ಅಂದರೆ ವಾಸ್ತವದ ಅರಿವೇ ತಪ್ಪುವ ಕಾಯಿಲೆಯ, ಅಪಾಯ ಹೆಚ್ಚು. ಇದನ್ನು ಹೆದರಿಸಲು ಹೇಳುತ್ತಿಲ್ಲ, ಗಿಡ ಮನೆಯೊಳಗೆ ಇರುತ್ತದೆ ಅನ್ನುವ ಕಾರಣಕ್ಕೆ ಹೇಳಲೇಬೇಕು.

ಕೊನೆಗೆ ಮತ್ತೆ ಹಳದಿ ಎಲೆಯ ಮಾತು. ಇದು ಒಂದು ವರ್ಷದ ಗಿಡ. ಗಂಡು ಗಿಡ ಪರಾಗ ಉದುರಿಸಿದ ಮೇಲೆ ಬೇಗ ಒಣಗುತ್ತದೆ. ಹೆಣ್ಣು ಬೀಜ ಬಲಿಯುವವರೆಗೆ ಇನ್ನೂ ಕೆಲವು ವಾರ ನಿಲ್ಲುತ್ತದೆ. ಆಗ ದೊಡ್ಡ ಎಲೆಗಳು ಕೆಳಗಿನಿಂದ ಒಂದೊಂದಾಗಿ ಹಳದಿಯಾಗುತ್ತವೆ, ಕೆಲವು ತಳಿಗಳಲ್ಲಿ ನೇರಳೆಗೂ ತಿರುಗುತ್ತವೆ. ಅಷ್ಟು ದಿನ ನೋಡಿಕೊಂಡವರು ಕಂಗಾಲಾಗಿ ನೀರು ಹೆಚ್ಚಿಸುತ್ತಾರೆ, ಗೊಬ್ಬರ ಕಲಸುತ್ತಾರೆ. ಏನೂ ಮಾಡಬೇಕಾಗಿಲ್ಲ. ಎಲೆಯಲ್ಲಿ ಉಳಿದದ್ದನ್ನೆಲ್ಲ ಗಿಡ ಬೀಜಕ್ಕೆ ಸಾಗಿಸುತ್ತಿದೆ.